ರಂಗದ ಹಿಂದೆ ಯಾರ್ಯಾರಿದ್ದಾರೆ? ಹೊಸ ಚಿಕ್ಕ ನಾಟಕ ತಂಡಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದೇ ಕನ್ನಡ ನಾಟಕದ ಕರಪತ್ರ ತೆಗೆದು ನೋಡಿ. ಒಂದು ಕಡೆ ‘ರಂಗದ ಮೇಲೆ’ ಅಂತ ಒಂದು ಪಟ್ಟಿ, ಇನ್ನೊಂದು ಕಡೆ ‘ರಂಗದ ಹಿಂದೆ’ ಅಂತ ಇನ್ನೊಂದು. ಮೊದಲನೆಯದನ್ನು ಎಲ್ಲರೂ ಓದುತ್ತಾರೆ. ಎರಡನೆಯದರಲ್ಲಿರುವ ಬೆಳಕು, ರಂಗಸಜ್ಜಿಕೆ (ಸೆಟ್), ಪ್ರಸಾಧನ (ಮೇಕಪ್), ರಂಗ ನಿರ್ವಹಣೆಯವರ ಹೆಸರುಗಳನ್ನು ಓದುವವರು ಕಡಿಮೆ. ನಾನು ಹವ್ಯಾಸಿ ತಂಡಗಳಲ್ಲಿ ರಂಗ ನಿರ್ವಹಣೆ ಮಾಡುತ್ತಾ ಬಂದಿದ್ದೇನೆ. ನಾಟಕ ನೋಡಿ ಹೊರಗೆ ಬಂದವರು, ಹೊಸದಾಗಿ ತಂಡ ಕಟ್ಟಲು ಹೊರಟ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಒಂದೇ ಕಡೆ ಸಿಗಲಿ ಅಂತ ಉತ್ತರ ಬರೆದಿಟ್ಟಿದ್ದೇನೆ.

ಒಂದು ಚಿಕ್ಕ ತಂಡಕ್ಕೆ ಎಷ್ಟು ಜನ ಬೇಕು?

ಇಷ್ಟೇ ಅಂತ ಲೆಕ್ಕ ಇಲ್ಲ. ಒಬ್ಬರೇ ನಿಂತು ಮಾಡುವ ಏಕವ್ಯಕ್ತಿ ನಾಟಕಕ್ಕೂ ಬೆಳಕಿಗೆ ಒಬ್ಬರು, ಸಂಗೀತಕ್ಕೆ ಒಬ್ಬರು, ಬಾಗಿಲಲ್ಲಿ ಟಿಕೆಟ್ ನೋಡುವವರು ಒಬ್ಬರು ಬೇಕೇ ಬೇಕು. ಸಾಮಾನ್ಯವಾಗಿ ಒಂದು ನಾಟಕದಲ್ಲಿ ಬರವಣಿಗೆ, ನಿರ್ದೇಶನ, ಸಹ ನಿರ್ದೇಶನ, ರಂಗಸಜ್ಜಿಕೆ, ಬೆಳಕು, ವಸ್ತ್ರ, ಪ್ರಸಾಧನ, ಸಂಗೀತ, ಪರಿಕರ (ನಟರು ಕೈಯಲ್ಲಿ ಹಿಡಿಯುವ, ಬಳಸುವ ವಸ್ತುಗಳು), ರಂಗ ನಿರ್ವಹಣೆ, ಪ್ರಚಾರ ಅಂತ ಕೆಲಸ ಹಂಚಿಹೋಗುತ್ತದೆ. ಹೊಸ ತಂಡದಲ್ಲಿ ವಸ್ತ್ರ ಮತ್ತು ಪರಿಕರ ಒಬ್ಬರೇ ನೋಡಿಕೊಳ್ಳಬಹುದು. ಸೆಟ್ ಮಾಡುವವರೇ ಬೆಳಕನ್ನೂ ಮಾಡಬಹುದು. ಅದರಿಂದ ಏನೂ ತೊಂದರೆ ಇಲ್ಲ.

ಎರಡು ಜೋಡಿಗಳನ್ನು ಮಾತ್ರ ಒಬ್ಬರ ತಲೆಗೇ ಕಟ್ಟಬೇಡಿ. ನಿರ್ದೇಶನ ಮತ್ತು ಮುಖ್ಯ ಪಾತ್ರ, ಇದೊಂದು. ಎರಡನ್ನೂ ಮಾಡಿ ಗೆದ್ದವರು ಕನ್ನಡದಲ್ಲಿ ಇದ್ದಾರೆ, ಆದರೆ ಅವರ ಹಿಂದೆ ಪಳಗಿದ ತಂಡ ಇತ್ತು. ರಂಗ ನಿರ್ವಹಣೆ ಮತ್ತು ಪಾತ್ರ, ಇದು ಇನ್ನೊಂದು. ಬಣ್ಣ ಹಚ್ಚಿಕೊಂಡು ಡೈಲಾಗ್ ನೆನಪಿಸಿಕೊಳ್ಳುತ್ತಾ ನಿಂತವರಿಗೆ ಮೂರನೇ ದೃಶ್ಯದ ಕುರ್ಚಿ ಎಲ್ಲಿದೆ ಅಂತ ಗಮನ ಇರುವುದಿಲ್ಲ.

ನಿರ್ದೇಶಕರು ನಿಜವಾಗಿ ಏನು ಮಾಡುತ್ತಾರೆ?

ನಟರಿಗೆ ಹೇಳಿಕೊಡುತ್ತಾರೆ ಅಂತ ತುಂಬ ಜನ ತಿಳಿದಿದ್ದಾರೆ. ಅದು ಕೆಲಸದ ಒಂದು ಪಾಲು. ನಮ್ಮಲ್ಲಿ ನಾಟಕವನ್ನು ಹಿಡಿದು ನಡೆಸುವವರು ಬೇರೆ ಬೇರೆ ರೂಪದಲ್ಲಿ ಮೊದಲಿನಿಂದ ಇದ್ದಾರೆ. ಯಕ್ಷಗಾನದಲ್ಲಿ ಭಾಗವತರು ರಂಗದ ಮೇಲೇ ಕೂತು, ಪದ ಹಾಡುತ್ತಾ, ಯಾವ ವೇಷ ಎಷ್ಟು ಹೊತ್ತು ಕುಣಿಯಬೇಕು, ಪ್ರಸಂಗ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಆ ಕ್ಷಣದಲ್ಲೇ ತೀರ್ಮಾನ ಮಾಡುತ್ತಾರೆ. ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಹಾಡು, ಮಾತು, ನಿಲುವು ಎಲ್ಲ ಕಲಿಸಿ, ನಾಟಕದ ದಿನ ಪಕ್ಕದಲ್ಲೇ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾರೆ. ಯಾರಾದರೂ ಮಾತು ಮರೆತರೆ ಮೇಷ್ಟ್ರ ಶ್ರುತಿಯೇ ಕೈ ಹಿಡಿಯುತ್ತದೆ.

ಈಗಿನ ಹವ್ಯಾಸಿ ರಂಗಭೂಮಿಯ ನಿರ್ದೇಶಕರಿಗೆ ಆ ಸವಲತ್ತು ಇಲ್ಲ. ನಾಟಕ ಶುರು ಅಂತ ಹೇಳುವ ಮೂರನೇ ಬೆಲ್ ಆದಮೇಲೆ ನಾಟಕ ಅವರ ಕೈಲಿ ಇರುವುದಿಲ್ಲ. ಆದ್ದರಿಂದ ಅವರ ಕೆಲಸವೆಲ್ಲ ಅದಕ್ಕಿಂತ ಮೊದಲೇ ಮುಗಿದಿರಬೇಕು. ಈ ನಾಟಕವನ್ನು ಈಗ ಯಾಕೆ ಆಡಬೇಕು ಅಂತ ತೀರ್ಮಾನಿಸುವುದು, ಪಾತ್ರ ಹಂಚುವುದು, ಚಲನೆ ಕೂರಿಸುವುದು, ಬೆಳಕಿನವರು ಮತ್ತು ಸಂಗೀತದವರು ಒಂದೇ ನಾಟಕ ಮಾಡುತ್ತಿದ್ದಾರಾ ಅಂತ ನೋಡಿಕೊಳ್ಳುವುದು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಎಲ್ಲರೂ ಚೆನ್ನಾಗಿ ಕೆಲಸ ಮಾಡಿ, ಪ್ರತಿಯೊಬ್ಬರೂ ತಮ್ಮದೇ ನಾಟಕ ಮಾಡಿಬಿಡುವ ಅಪಾಯ ಚಿಕ್ಕ ತಂಡದಲ್ಲೂ ಇರುತ್ತದೆ.

ಬೆಳಕು, ಸೆಟ್, ವಸ್ತ್ರದವರನ್ನು ಯಾವಾಗ ಕರೆಯಬೇಕು?

ಮೊದಲ ಓದಿಗೆ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹೊಸ ತಂಡಗಳಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ. ನಟರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಪ್ರದರ್ಶನಕ್ಕೆ ಒಂದು ವಾರ ಇರುವಾಗ ಲೈಟಿನವರಿಗೆ ಫೋನ್ ಹೋಗುತ್ತದೆ: ‘ಅಣ್ಣಾ, ಭಾನುವಾರ ಫ್ರೀ ಇದ್ದೀರಾ?’ ಅವರು ಗ್ರ್ಯಾಂಡ್ ರಿಹರ್ಸಲ್ ಒಂದನ್ನು ನೋಡುತ್ತಾರೆ, ಮಾರನೇ ದಿನ ಕೂತು ಲೈಟ್ ಮಾಡುತ್ತಾರೆ. ಅವರ ಅನುಭವ ದೊಡ್ಡದಿದ್ದರೆ ನಾಟಕ ಹೇಗೋ ದಡ ಸೇರುತ್ತದೆ. ಆದರೆ ಅಲ್ಲಿ ಅವರು ಯೋಚನೆ ಮಾಡಿದ್ದು ಏನೂ ಇಲ್ಲ. ನಟ ಕಾಣಿಸಬೇಕು, ಅಷ್ಟನ್ನು ಮಾಡಿಕೊಟ್ಟು ಹೋಗುತ್ತಾರೆ.

ಅದೇ ಮನುಷ್ಯ ಮೊದಲ ಓದಿನಲ್ಲಿ ಕೂತಿದ್ದರೆ ಮಾತೇ ಬೇರೆ. ‘ಈ ದೃಶ್ಯ ಪೂರ್ತಿ ಒಂದು ಲಾಂದ್ರದ ಬೆಳಕಲ್ಲಿ ಆಗಬಹುದಲ್ವಾ?’ ಅಂತ ಅವರು ಕೇಳುತ್ತಾರೆ. ಆಗ ನಟರು ಲಾಂದ್ರದ ಸುತ್ತ ಕೂರಬೇಕಾಗುತ್ತದೆ, ಮಾತು ತಗ್ಗಿಸಬೇಕಾಗುತ್ತದೆ, ಯಾರು ಎದ್ದು ಹೋದರೂ ಕತ್ತಲಿಗೆ ಹೋಗುತ್ತಾರೆ. ದೃಶ್ಯದ ಆಟವೇ ಬದಲಾಗುತ್ತದೆ. ಇಂಥ ಮಾತು ಕೊನೇ ವಾರದಲ್ಲಿ ಬಂದರೆ ಯಾರಿಗೂ ಕೇಳಿಸಿಕೊಳ್ಳುವ ಪುರುಸೊತ್ತು ಇರುವುದಿಲ್ಲ.

ನಾಟಕ ಆಡಲು ನಾಟಕಕಾರರ ಅನುಮತಿ ಬೇಕಾ?

ಬೇಕು. ಭಾರತದ ಕಾಪಿರೈಟ್ ಕಾಯ್ದೆ 1957ರ ಪ್ರಕಾರ ನಾಟಕಕಾರರ ಜೀವಮಾನ ಮತ್ತು ಅವರು ತೀರಿಕೊಂಡ ನಂತರದ 60 ವರ್ಷ ಹಕ್ಕು ಇರುತ್ತದೆ. ತೀರಿಕೊಂಡ ಮುಂದಿನ ಜನವರಿಯಿಂದ ಲೆಕ್ಕ ಶುರು. ಟಿ.ಪಿ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರು ಇದ್ದಾಗಲೇ ಅಚ್ಚಾದ ನಾಟಕಗಳ ಹಕ್ಕು 2006ರ ಕೊನೆಗೆ ಮುಗಿದಿದೆ. ಶ್ರೀರಂಗರು 1984ರಲ್ಲಿ ತೀರಿಕೊಂಡರು. ಅವರ ನಾಟಕಗಳಿಗೆ 2044ರ ಕೊನೆಯವರೆಗೂ ಮನೆಯವರನ್ನು ಕೇಳಲೇಬೇಕು.

ಇಲ್ಲಿ ಎಲ್ಲರೂ ಎಡವುವುದು ಅನುವಾದದ ವಿಷಯದಲ್ಲಿ. ಷೇಕ್ಸ್‌ಪಿಯರ್ ಎಲ್ಲರ ಸೊತ್ತು, ಸರಿ. ಆದರೆ ನೀವು ಆಡುತ್ತಿರುವ ಕನ್ನಡ ಮಾತುಗಳು ಅನುವಾದಕರದ್ದು. ಅವರ ಅನುಮತಿ ಬೇರೆಯಾಗಿ ಪಡೆಯಬೇಕು. ಕಥೆ ಅಥವಾ ಕಾದಂಬರಿಯನ್ನು ರಂಗರೂಪಕ್ಕೆ ತಂದರೆ ಮೂಲ ಲೇಖಕರು, ರಂಗರೂಪ ಮಾಡಿದವರು ಇಬ್ಬರನ್ನೂ ಕೇಳಬೇಕು. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಪುಕ್ಕಟೆಯಾಗಿ ಆಡಿದರೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹಾಗಿದ್ದರೂ ಒಂದು ಫೋನ್ ಮಾಡಿ ಕೇಳುವುದೇ ಚೆಂದ. ಕನ್ನಡದ ಬಹಳಷ್ಟು ನಾಟಕಕಾರರು ಹೊಸ ತಂಡ ಅಂದರೆ ಖುಷಿಯಿಂದ ಒಪ್ಪುತ್ತಾರೆ. ಅವರಿಗೆ ಬೇಕಾಗಿರುವುದು ಕೇಳಿದರು ಅನ್ನುವ ಗೌರವ, ಮತ್ತು ಕರಪತ್ರದಲ್ಲಿ ಸರಿಯಾಗಿ ಅಚ್ಚಾದ ಹೆಸರು. ಗೌರವಧನ ಎಷ್ಟು ಅಂತ ಅವರ ಬಳಿಯೇ ಮಾತಾಡಿ, ಕೊಟ್ಟ ಮಾತಿನಂತೆ ಪ್ರತಿ ಪ್ರದರ್ಶನಕ್ಕೂ ತಲುಪಿಸಿ. ಅನುಮತಿ ಬರಹದಲ್ಲಿ ಇರಲಿ, ಮೇಲ್ ಆದರೂ ಸಾಕು.

ದುಡ್ಡಿಲ್ಲದ ತಂಡ ಸೆಟ್ ಹೇಗೆ ಮಾಡಬೇಕು?

ದೊಡ್ಡದಾಗಿ ಮಾಡಿದ ಪರಂಪರೆಯೂ ನಮಗಿದೆ. ಗುಬ್ಬಿ ವೀರಣ್ಣನವರ ಕಂಪನಿ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಬರೀ ಬಯಲಲ್ಲಿ ಗೆದ್ದ ಪರಂಪರೆಯೂ ನಮ್ಮದೇ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಮೂರು ನಾಟಕ ಆಡಿಸಿದರು. ಕನ್ನಡ ಹವ್ಯಾಸಿ ರಂಗಭೂಮಿಯ ದಿಕ್ಕು ಅಲ್ಲಿಂದ ಬದಲಾಯಿತು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಅಲ್ಲೀಗ ಸಂಸ ಬಯಲು ರಂಗಮಂದಿರ ಇದೆ.

ಹೊಸ ತಂಡಕ್ಕೆ ನನ್ನ ಸಲಹೆ: ಸೆಟ್ ಒಂದು ಟಾಟಾ ಏಸ್‌ನಲ್ಲಿ ಹಿಡಿಯಬೇಕು. ಇದು ಬರೀ ಖರ್ಚಿನ ಮಾತಾಗಿ ಕಾಣಬಹುದು, ಆದರೆ ವಿನ್ಯಾಸವೂ ಇಲ್ಲಿಂದಲೇ ಶುರುವಾಗುತ್ತದೆ. ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ ಬರುತ್ತದೆ. ಗಾಡಿಯ ತೊಟ್ಟಿ ಸುಮಾರು 7 ಅಡಿ. ಹಾಳೆಯನ್ನು ಹಾಗೇ ಇಟ್ಟು ಲೆವೆಲ್ (ನಟರು ಹತ್ತಿ ನಿಲ್ಲುವ ಕಟ್ಟೆ) ಮಾಡಿದರೆ ಹಿಂದಿನ ಬಾಗಿಲು ಮುಚ್ಚುವುದಿಲ್ಲ. ಅದನ್ನೇ ಅರ್ಧಕ್ಕೆ ಕತ್ತರಿಸಿ 4 ಅಡಿ ಚೌಕದ ಎರಡು ಲೆವೆಲ್ ಮಾಡಿದರೆ ಗಾಡಿಗೂ ಆಯಿತು, ಇಬ್ಬರು ಎತ್ತಿ ಇಡಲೂ ಆಯಿತು. ಅವನ್ನು ಜೋಡಿಸಿದರೆ ಜಗಲಿ, ಬಿಡಿಸಿದರೆ ಎರಡು ಮನೆ, ಒಂದರ ಮೇಲೊಂದು ಇಟ್ಟರೆ ಸಿಂಹಾಸನ. ಜೊತೆಗೆ ಸರ್ವೆ ಮರದ ಗಳ, ಬಿದಿರು, ಗೋಣಿತಾಟು, ಕೋರಾ ಬಟ್ಟೆ ಇದ್ದರೆ ಹಳ್ಳಿಯಿಂದ ಅರಮನೆಯವರೆಗೆ ಏನು ಬೇಕಾದರೂ ಕಟ್ಟಬಹುದು. ಲೆವೆಲ್ಲಿನ ಕಾಲು ಅಲ್ಲಾಡದಂತೆ ಅಡ್ಡಪಟ್ಟಿ ಹೊಡೆಸಿ. ಮೇಲೆ ಚಾಪೆ ಇಲ್ಲವೇ ಹಳೇ ಕಾರ್ಪೆಟ್ ತುಂಡು ಅಂಟಿಸಿ. ಇಲ್ಲದಿದ್ದರೆ ನಟ ನಡೆದಾಗ ಬರುವ ದಡಬಡ ಸದ್ದಿನಲ್ಲಿ ಮಾತು ಮುಳುಗಿ ಹೋಗುತ್ತದೆ.

ಬೆಳಕಿಗೆ ಕನಿಷ್ಠ ಏನು ಬೇಕು? ಬಣ್ಣಬಣ್ಣದ ಲೈಟ್ ಇದ್ದರೆ ಚೆನ್ನಾಗಿರುತ್ತದಾ?

ಮುಖ ಕಾಣಬೇಕು. ಕಣ್ಣು ಕಾಣಬೇಕು. ಅದಾದ ಮೇಲೆ ಉಳಿದದ್ದು. ಎದುರಿನಿಂದ, ನಟರ ತಲೆಗಿಂತ ಮೇಲಿಂದ, ಸುಮಾರು 45 ಡಿಗ್ರಿ ಕೋನದಲ್ಲಿ ಎಡಕ್ಕೊಂದು ಬಲಕ್ಕೊಂದು ಬೆಳಕು ಬಿದ್ದರೆ ಮುಖಕ್ಕೆ ಆಕಾರ ಬರುತ್ತದೆ. ನೇರ ಎದುರಿನಿಂದ ಬಿಟ್ಟರೆ ಮುಖ ಚಪ್ಪಟೆ ಆಗುತ್ತದೆ. ಬರೀ ತಲೆಯ ಮೇಲಿಂದ ಬಿಟ್ಟರೆ ಕಣ್ಣಿನ ಜಾಗದಲ್ಲಿ ಎರಡು ಗುಳಿ ಕಾಣುತ್ತದೆ. ಹಿಂದಿನಿಂದ ಒಂದು ಸಣ್ಣ ಬೆಳಕು ಕೊಟ್ಟರೆ ನಟ ಪರದೆಯಿಂದ ಬೇರೆಯಾಗಿ ಎದ್ದು ಕಾಣುತ್ತಾರೆ.

ಲೈಟಿನ ಮುಂದೆ ಹಾಕುವ ಬಣ್ಣದ ಜೆಲ್ ಹಾಳೆಯ ಆಸೆ ಹೊಸಬರಿಗೆ ಜಾಸ್ತಿ. ಸಿಟ್ಟು ಬಂದರೆ ಕೆಂಪು, ರಾತ್ರಿ ಅಂದರೆ ನೀಲಿ. ಇದು ಸುಮ್ನೆ ಅಭ್ಯಾಸವಾಗಿ ಬಂದದ್ದು. ಎರಡು ಬೆಳಕುಗಳ ಪ್ರಮಾಣ ಬದಲಿಸಿಯೇ ಹಗಲನ್ನು ಸಂಜೆ ಮಾಡಬಹುದು. ಬಾಡಿಗೆ ದುಡ್ಡು ಇರುವುದೇ ಅಷ್ಟು ಅಂದಾಗ ಹತ್ತು ಬಣ್ಣದ ಪಾರ್ ಲೈಟ್‌ಗಿಂತ ನಾಲ್ಕು ಒಳ್ಳೆಯ ಸ್ಪಾಟ್, ಬೆಳಕು ಏರಿಸಿ ಇಳಿಸಲು ಕೈಗೆ ಸರಿಯಾಗಿ ಬಗ್ಗುವ ಡಿಮ್ಮರ್ ತರಿಸಿ.

ಊರ ಶಾಲೆ, ಸಮುದಾಯ ಭವನಗಳಲ್ಲಿ ಆಡುವವರಿಗೆ ಕರೆಂಟಿನ ವಿಷಯ. 1000 ವ್ಯಾಟಿನ ಒಂದು ಹ್ಯಾಲೋಜನ್ ಲೈಟ್ ನಾಲ್ಕು ಆಂಪ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಅಂದರೆ 15 ಆಂಪಿನ ಒಂದು ಸಾಕೆಟ್‌ಗೆ ಮೂರು ಲೈಟ್, ಅಲ್ಲಿಗೆ ಮುಗಿಯಿತು. ಹಾಲ್ ಬುಕ್ ಮಾಡುವ ದಿನವೇ ಬೆಳಕಿನವರು ಹೋಗಿ ಮೇನ್ ಬೋರ್ಡ್ ನೋಡಿಕೊಂಡು ಬರಬೇಕು. ಅಲ್ಲಿನ ಎಲೆಕ್ಟ್ರಿಷಿಯನ್ ಇಲ್ಲದೆ ಬೋರ್ಡ್ ಮುಟ್ಟಲೇಬಾರದು.

ವಸ್ತ್ರವಿನ್ಯಾಸ ಅಂದರೆ ಬಟ್ಟೆ ಬಾಡಿಗೆ ತರುವುದಲ್ವಾ?

ರಾಜರ ಪಾತ್ರಕ್ಕೆ ಕಿರೀಟ, ಭುಜಕೀರ್ತಿ ಬಾಡಿಗೆಗೆ ಸಿಗುತ್ತವೆ, ನಿಜ. ವಸ್ತ್ರದವರ ಕೆಲಸ ಅದಕ್ಕೂ ಮೊದಲು ಶುರುವಾಗುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ನಾಯಕಿಗೆ ಗಿಳಿಹಸಿರು ಸೀರೆ ಆರಿಸಿದ್ದಾರೆ. ತಾಲೀಮಿನ ಕೋಣೆಯ ಟ್ಯೂಬ್‌ಲೈಟಿನಲ್ಲಿ ಎಲ್ಲರಿಗೂ ಇಷ್ಟವಾಗಿದೆ. ಬೆಳಕಿನವರು ಆ ದೃಶ್ಯಕ್ಕೆ ಕಡುಗೆಂಪು ಇಟ್ಟಿದ್ದಾರೆ. ರಂಗದ ಮೇಲೆ ಆ ಸೀರೆ ಕಪ್ಪಾಗಿ ಕಾಣುತ್ತದೆ, ಯಾಕೆಂದರೆ ಕೆಂಪು ಬೆಳಕಿನಲ್ಲಿ ಹಸಿರು ಬಟ್ಟೆ ವಾಪಸ್ ಕಳಿಸಲು ಹಸಿರು ಬೆಳಕೇ ಇಲ್ಲ. ಇಬ್ಬರೂ ಒಂದು ಸಂಜೆ ಜೊತೆಗೆ ಕೂತು ಟಾರ್ಚಿನ ಮುಂದೆ ಜೆಲ್ ಹಾಳೆ ಹಿಡಿದು ಸೀರೆಯ ಮೇಲೆ ಬೆಳಕು ಬಿಟ್ಟು ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹೊಸ ಬಿಳಿ ಪಂಚೆಯೂ ಹಾಗೇ. ಲೈಟಿನ ಕೆಳಗೆ ಅದು ಕಣ್ಣು ಕುಕ್ಕುತ್ತದೆ, ಪಂಚೆ ಕಂಡು ಮುಖ ಕಾಣದಂತೆ ಆಗುತ್ತದೆ. ಅನುಭವ ಇರುವವರು ಅದನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ಹೊಳಪು ಕಡಿಮೆ ಮಾಡುತ್ತಾರೆ. ಬಡ ರೈತನ ಅಂಗಿ ಇಸ್ತ್ರಿ ಗೆರೆಯ ಸಮೇತ ರಂಗಕ್ಕೆ ಬಂದರೆ ಎಷ್ಟು ಒಳ್ಳೆಯ ನಟನಾದರೂ ಏನು ಮಾಡಲು ಸಾಧ್ಯ? ಅದನ್ನು ಕಲ್ಲಿಗೆ ಉಜ್ಜಿ, ಮೊಣಕೈ ಹತ್ತಿರ ತೇಪೆ ಹಾಕಿ, ತಾಲೀಮಿನಲ್ಲೇ ಉಡಿಸಿ ಬೆವರು ಹಿಡಿಸಬೇಕು. ಎರಡು ದೃಶ್ಯಗಳ ನಡುವೆ ಸೀರೆ ಬದಲಿಸಲು ಒಂದೇ ನಿಮಿಷ ಇದ್ದರೆ ನೆರಿಗೆ ಮೊದಲೇ ಹೊಲಿದು ಹುಕ್ ಹಾಕಿಡುವ ಟೈಲರ್ ಕೂಡ ಈ ತಂಡದವರೇ. ಅವರ ಹೆಸರನ್ನು ಕರಪತ್ರದಲ್ಲಿ ನಾನು ಕಂಡದ್ದು ತೀರಾ ಕಡಿಮೆ.

ಪ್ರಸಾಧನ?

ಹತ್ತಿರ ಕೂತು ನೋಡುವ ಸಣ್ಣ ರಂಗಮಂದಿರದಲ್ಲಿ ಕಡಿಮೆ ಬಣ್ಣ ಸಾಕು. ಬೆವರು ಒರೆಸಿ ಪೌಡರ್ ಹಾಕಿ, ಹುಬ್ಬು, ಕಣ್ಣು ತಿದ್ದಿದರೆ ಎಷ್ಟೋ ಪಾತ್ರಗಳಿಗೆ ಮುಗಿಯುತ್ತದೆ. ಗಡ್ಡ, ಮೀಸೆ, ವಿಗ್, ವಯಸ್ಸು ಬದಲಿಸುವ ಕೆಲಸ ಇದ್ದರೆ ಮಾತ್ರ ಪಳಗಿದವರು ಬೇಕು. ಮುಖಕ್ಕೆ ಹಚ್ಚುವ ಗೋಂದನ್ನು ಎರಡು ದಿನ ಮೊದಲೇ ಕೈ ಮೇಲೆ ಹಚ್ಚಿ ನೋಡಿ. ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಸಂಗೀತ ಲೈವ್ ಇರಬೇಕಾ, ರೆಕಾರ್ಡ್ ಮಾಡಿದರೆ ಸಾಕಾ?

ಸಾಧ್ಯವಾದರೆ ಲೈವ್ ಮಾಡಿ ಅಂತಲೇ ನಾನು ಹೇಳುತ್ತೇನೆ. ನಟ ಒಂದು ಉಸಿರು ಜಾಸ್ತಿ ನಿಂತರೆ ಹಾರ್ಮೋನಿಯಂ ಕಾಯುತ್ತದೆ, ಲ್ಯಾಪ್‌ಟಾಪ್ ಕಾಯುವುದಿಲ್ಲ. ರಂಗಗೀತೆ ನಮ್ಮ ನಾಟಕದ ದೊಡ್ಡ ಆಸ್ತಿ. ಕಂಪನಿ ನಾಟಕದಲ್ಲಿ ಹಾಡು ಜನರನ್ನು ಕರೆತರುತ್ತಿತ್ತು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿಯಲ್ಲಿ ಬೆಳೆದ ಕಾರಂತರು ಆ ಹಾಡಿನ ಶಕ್ತಿಯನ್ನು ಹೊಸ ನಾಟಕಕ್ಕೆ ತಂದರು. ಅವರು ವಾದ್ಯಗಳನ್ನಷ್ಟೇ ನಂಬಿ ಕೂರಲಿಲ್ಲ. ಕಲ್ಲು, ಬಿದಿರು, ಡಬ್ಬ, ಮನುಷ್ಯರ ಗಂಟಲು, ಸದ್ದು ಮಾಡುವ ಏನು ಸಿಕ್ಕರೂ ಅದರಲ್ಲಿ ಸಂಗೀತ ಹುಡುಕಿದರು. ವಾದ್ಯ ಕೊಳ್ಳಲು ಕಾಸಿಲ್ಲದ ಹೊಸ ತಂಡಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಕಾಣೆ.

ಹಾಡುವವರ, ನುಡಿಸುವವರ ಮೇಳವನ್ನು ಪ್ರೇಕ್ಷಕರಿಗೆ ಕಾಣುವಂತೆ ಕೂರಿಸಿದರೆ ಇನ್ನೂ ಒಳ್ಳೆಯದು. ಅವರೂ ನಾಟಕ ನೋಡುತ್ತಿರುತ್ತಾರೆ, ನಟರೂ ಅವರನ್ನು ನೋಡಬಹುದು. ರೆಕಾರ್ಡ್ ಹಾಕುವುದಾದರೆ ಒಂದೊಂದು ತುಣುಕಿಗೂ ನಂಬರ್ ಕೊಟ್ಟು, ಬೇರೆ ಬೇರೆ ಫೈಲ್ ಮಾಡಿ. ಲ್ಯಾಪ್‌ಟಾಪಿನ ವೈಫೈ ಆರಿಸಿ, ಎಲ್ಲ ನೋಟಿಫಿಕೇಷನ್ ಬಂದ್ ಮಾಡಿ. ಸಿನಿಮಾ ಹಾಡಿನ ತುಣುಕನ್ನು ಅನುಮತಿ ಇಲ್ಲದೆ ಎತ್ತಿ ಹಾಕಬೇಡಿ. ಅದಕ್ಕೂ ಹಕ್ಕುದಾರರಿದ್ದಾರೆ.

ರಂಗ ನಿರ್ವಾಹಕರ ಕೆಲಸ ಏನು? ಚಿಕ್ಕ ತಂಡಕ್ಕೂ ಬೇಕಾ?

ಚಿಕ್ಕ ತಂಡಕ್ಕೇ ಜಾಸ್ತಿ ಬೇಕು. ಇದು ನನ್ನ ಕೆಲಸ, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೊದಲ ದಿನ ರಂಗ ನಿರ್ವಾಹಕರ ಕೈಯಲ್ಲಿ ಇರಬೇಕಾದದ್ದು ನಾಟಕದ ಪ್ರತಿ, ಪೆನ್ಸಿಲ್, ರಬ್ಬರ್, ಅಳತೆ ಟೇಪು. ಪ್ರತಿಯನ್ನು ಒಂದೇ ಮಗ್ಗುಲಿಗೆ ಪ್ರಿಂಟ್ ತೆಗೆಸಿ ಫೈಲ್ ಮಾಡಬೇಕು. ಎದುರಿನ ಖಾಲಿ ಪುಟದಲ್ಲಿ ಚಲನೆ ಬರೆದುಕೊಳ್ಳಲು ಜಾಗ ಸಿಗುತ್ತದೆ. ಯಾವ ಮಾತಿಗೆ ಯಾರು ಎದ್ದರು, ಯಾವ ಕಡೆಯ ವಿಂಗ್‌ನಿಂದ (ರಂಗದ ಪಕ್ಕದ ಮರೆಯಿಂದ) ಬಂದರು, ಕೈಯಲ್ಲಿ ಏನಿತ್ತು, ಎಲ್ಲ ಅಲ್ಲಿ ಬರುತ್ತದೆ. ಪೆನ್ನು ಬೇಡ, ಯಾಕೆಂದರೆ ನಿರ್ದೇಶಕರು ನಾಳೆ ಬದಲಿಸುತ್ತಾರೆ.

ಆಮೇಲೆ ತಾಲೀಮಿನ ಜಾಗದ ನೆಲ. ನಾಟಕ ನಡೆಯುವ ರಂಗದ ಅಳತೆ ತಂದು, ಅಷ್ಟೇ ಜಾಗವನ್ನು ನೆಲದ ಮೇಲೆ ಟೇಪ್ ಹಚ್ಚಿ ಗುರುತು ಮಾಡಬೇಕು. ಬಾಗಿಲು ಎಲ್ಲಿ, ಜಗಲಿ ಎಲ್ಲಿ ಅಂತ ಬೇರೆ ಬಣ್ಣದ ಟೇಪು. ಇದನ್ನು ಮಾಡದ ತಂಡದ ನಟರು ದೊಡ್ಡ ಕೋಣೆಯಲ್ಲಿ ಹನ್ನೆರಡು ಹೆಜ್ಜೆ ನಡೆದು ರೂಢಿಯಾಗಿ, ರಂಗದ ಮೇಲೆ ಎಂಟಕ್ಕೇ ಗೋಡೆ ಸಿಕ್ಕಿ ತಬ್ಬಿಬ್ಬಾಗುತ್ತಾರೆ.

ಪರಿಕರದ ಮೇಜು ಇನ್ನೊಂದು. ವಿಂಗ್ ಪಕ್ಕದಲ್ಲಿ ಒಂದು ಮೇಜು ಹಾಕಿ, ಬಿಳಿ ಕಾಗದ ಹಾಸಿ, ಒಂದೊಂದು ವಸ್ತುವನ್ನೂ ಇಟ್ಟು ಸುತ್ತ ಪೆನ್ನಿನಲ್ಲಿ ಗೆರೆ ಎಳೆಯುತ್ತೇವೆ. ಚೊಂಬಿನ ಗೆರೆ, ಪತ್ರದ ಗೆರೆ, ಕುಡುಗೋಲಿನ ಗೆರೆ, ಒಳಗೆ ಪಾತ್ರದ ಹೆಸರು. ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಯಾವ ಗೆರೆ ಖಾಲಿ ಇದೆಯೋ ಆ ವಸ್ತು ಕಾಣೆಯಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಪ್ರತಿ ಪ್ರದರ್ಶನಕ್ಕೆ ಮೊದಲು ಮೇಜನ್ನು ಒಮ್ಮೆ, ದೃಶ್ಯದ ನಡುವೆ ಇನ್ನೊಮ್ಮೆ ನೋಡಬೇಕು. ಪಾತ್ರಧಾರಿಗಳಲ್ಲದೆ ಬೇರೆ ಯಾರೂ ಅದನ್ನು ಮುಟ್ಟಬಾರದು. ಫೋಟೋ ತೆಗೆಸಿಕೊಳ್ಳಲು ಕತ್ತಿ ಎತ್ತಿಕೊಂಡು ಹೋಗುವ ಗೆಳೆಯರು ಪ್ರತಿ ತಂಡಕ್ಕೂ ಇರುತ್ತಾರೆ.

ಪ್ರದರ್ಶನದ ಹೊತ್ತಿಗೆ ಮೂರೂ ಬೆಲ್ ರಂಗ ನಿರ್ವಾಹಕರದ್ದು. ಬೆಳಕಿನವರಿಗೆ, ಸಂಗೀತದವರಿಗೆ ‘ಲೈಟ್ 14 ರೆಡಿ’ (ಪಟ್ಟಿಯ ಹದಿನಾಲ್ಕನೇ ಬೆಳಕಿನ ಬದಲಾವಣೆಗೆ ತಯಾರಾಗಿ) ಅಂತ ಎಚ್ಚರಿಸಿ, ಸರಿಯಾದ ಮಾತಿಗೆ ‘ಗೋ’ ಅನ್ನುವುದು ಅವರೇ. ಆ ಒಂದೂವರೆ ಗಂಟೆ ಅವರ ಮಾತನ್ನು ನಿರ್ದೇಶಕರೂ ಮೀರಬಾರದು. ಗಾಯವಾದರೆ ಬೇಕಾಗುವ ಔಷಧಿ ಡಬ್ಬಿ, ಸೂಜಿ ದಾರ, ಸೇಫ್ಟಿ ಪಿನ್ನು, ಹೆಚ್ಚಿನ ಬ್ಯಾಟರಿ ಅವರ ಚೀಲದಲ್ಲಿ ಇರುತ್ತವೆ.

ಬೇರೆ ಸೀಮೆಯ ಕನ್ನಡದ ನಾಟಕ ಆಡಬಹುದಾ?

ಖಂಡಿತ ಆಡಬಹುದು. ಆದರೆ ಆ ಸೀಮೆಯವರೊಬ್ಬರು ಭಾಷೆ ತಿದ್ದಲು ತಂಡದಲ್ಲಿ ಇರಲಿ. ಬೆಂಗಳೂರಿನ ನಟರು ಎಲ್ಲದಕ್ಕೂ ‘ರೀ’ ಸೇರಿಸಿ ಧಾರವಾಡ ಕನ್ನಡ ಆಯಿತು ಅಂದುಕೊಳ್ಳುತ್ತಾರೆ. ಅಲ್ಲಿನವರು ಸಭೆಯಲ್ಲಿ ಕೂತಿದ್ದರೆ ಮೊದಲ ವಾಕ್ಯಕ್ಕೇ ಅವರ ಮನಸ್ಸು ನಾಟಕದಿಂದ ಹೊರಗೆ ಬರುತ್ತದೆ. ಉತ್ತರ ಕರ್ನಾಟಕದ ಒಳಗೇ ಬೆಳಗಾವಿ, ಕಲಬುರಗಿ ಬೇರೆ ಬೇರೆ ಥರ ಮಾತಾಡುತ್ತವೆ. ಒಂದೇ ಊರಿನಲ್ಲಿ ಓಣಿಯಿಂದ ಓಣಿಗೆ ಮಾತು ಬದಲಾಗುತ್ತದೆ. ಪಾತ್ರ ಯಾವ ಊರಿನವರು, ಯಾವ ಮನೆತನ, ಎಷ್ಟು ಓದಿದವರು ಅಂತ ಮೊದಲು ತೀರ್ಮಾನಿಸಿ, ಆಮೇಲೆ ಮಾತು ಕಲಿಯಿರಿ. ಫೋನ್‌ನಲ್ಲಿ ರೆಕಾರ್ಡ್ ಮಾಡಿಸಿಕೊಂಡು ಬಸ್ಸಿನಲ್ಲಿ ಹೋಗುವಾಗ ಬರುವಾಗ ಕೇಳುತ್ತಿದ್ದರೆ ಕಿವಿಗೆ ಕೂರುತ್ತದೆ.

ಇದನ್ನೆಲ್ಲ ಎಲ್ಲಿ ಕಲಿಯಬಹುದು?

ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆ ಹುಟ್ಟಿದ್ದು 1949ರಲ್ಲಿ. ಅಲ್ಲಿನ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ನಟನೆ ಕಲಿಯಲು ಹೋದವರೂ ಅಲ್ಲಿ ಸೆಟ್ ಹೊರುತ್ತಾರೆ, ಲೈಟ್ ಕಟ್ಟುತ್ತಾರೆ. 1985ರಿಂದ ಊರೂರು ಸುತ್ತುತ್ತಿರುವ ನೀನಾಸಂ ತಿರುಗಾಟ ನಿಮ್ಮ ಊರಿಗೆ ಬಂದರೆ ಸಂಜೆಯ ನಾಟಕಕ್ಕಷ್ಟೇ ಹೋಗಬೇಡಿ. ಕೇಳಿಕೊಂಡು ಮಧ್ಯಾಹ್ನವೇ ಹೋಗಿ ಅವರು ರಂಗ ಕಟ್ಟುವುದನ್ನು ನೋಡಿ. ರಾತ್ರಿ ರಾಜನಾಗುವವರು ಮಧ್ಯಾಹ್ನ ಏಣಿ ಹತ್ತಿರುತ್ತಾರೆ.

ಮೈಸೂರಿನಲ್ಲಿ 1989ರಲ್ಲಿ ಕಾರಂತರು ಮೊದಲ ನಿರ್ದೇಶಕರಾಗಿ ಶುರುವಾದ ರಂಗಾಯಣ ಇದೆ. ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ರಂಗಾಯಣ ಇದೆ. ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇದೆ. ಕೆಲಸ ಬಿಟ್ಟು ವರ್ಷಗಟ್ಟಲೆ ಹೋಗಲು ಆಗದವರು ಹಳೆಯ ತಂಡವೊಂದರ ರಂಗದ ಹಿಂದೆ ಸೇರಿಕೊಳ್ಳಿ. ‘ನಟನೆ ಬೇಡ, ಬ್ಯಾಕ್‌ಸ್ಟೇಜ್ ಮಾಡ್ತೀನಿ ಸರ್’ ಅಂದವರನ್ನು ಬೇಡ ಅನ್ನುವ ತಂಡ ನಾನು ಕಂಡಿಲ್ಲ.

ತಂಡವನ್ನು ನೋಂದಣಿ ಮಾಡಿಸಬೇಕಾ?

ಒಂದು ನಾಟಕ ಆಡಿ ನೋಡುವುದಕ್ಕೆ ಬೇಡ. ಮುಂದೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ನೆರವು ಕೇಳಬೇಕು, ತಂಡದ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕು ಅಂದರೆ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ ಮಾಡಲು ಕನಿಷ್ಠ 7 ಜನ ಸದಸ್ಯರು ಬೇಕು. ಆ ಏಳರಲ್ಲಿ ರಂಗದ ಹಿಂದಿನವರು ಇಬ್ಬರಾದರೂ ಇರಲಿ.

ರಂಗದ ಹಿಂದಿನವರಿಗೆ ದುಡ್ಡು ಕೊಡಬೇಕಾ?

ಕೊಡಬೇಕು. ಹವ್ಯಾಸಿ ತಂಡದಲ್ಲಿ ಯಾರೂ ದುಡ್ಡಿಗೆ ಬರುವುದಿಲ್ಲ ಅನ್ನುವ ಮಾತು ನಟರ ಬಾಯಲ್ಲಿ ಸುಲಭವಾಗಿ ಬರುತ್ತದೆ. ಅವರಿಗೆ ಕೊನೆಗೆ ಚಪ್ಪಾಳೆಯಾದರೂ ಸಿಗುತ್ತದೆ. ಬೆಳಕಿನವರು, ಪ್ರಸಾಧನದವರಲ್ಲಿ ಎಷ್ಟೋ ಜನರ ಮನೆ ನಡೆಯುವುದೇ ಇದರಿಂದ. ಬಾಡಿಗೆಯ ದುಡ್ಡು ಬೇರೆ, ಅವರ ಕೆಲಸದ ದುಡ್ಡು ಬೇರೆ ಅಂತ ಮೊದಲೇ ಬಾಯಿಬಿಟ್ಟು ಮಾತಾಡಿ. ‘ಈಗ ಇಷ್ಟೇ ಆಗೋದು’ ಅಂತ ನೇರವಾಗಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಆಮೇಲೆ ನೋಡೋಣ ಅಂತ ತೇಲಿಸಿದ ತಂಡಕ್ಕೆ ಮಾತ್ರ ಎರಡನೇ ಸಲ ಬರುವುದಿಲ್ಲ. ಸೆಟ್ ಇಳಿಸುವ ರಾತ್ರಿ ಊಟ, ಮನೆಗೆ ಹೋಗುವ ಆಟೋ ಖರ್ಚು ತಂಡದ್ದು. ಮಧ್ಯರಾತ್ರಿ ಒಂಟಿಯಾಗಿ ಹೋಗಬೇಕಾದ ಹುಡುಗಿಯರಿದ್ದರೆ ಜೊತೆಗೆ ಯಾರು ಹೋಗುತ್ತಾರೆ ಅಂತ ಸಂಜೆಯೇ ಗೊತ್ತಾಗಿರಬೇಕು.

ಮೊದಲ ಪ್ರದರ್ಶನಕ್ಕೆ ಯಾವ ರಂಗಮಂದಿರ ಹಿಡಿಯಬೇಕು?

ಬೆಂಗಳೂರಾದರೆ ಎಲ್ಲರ ಕಣ್ಣೂ ರವೀಂದ್ರ ಕಲಾಕ್ಷೇತ್ರದ ಮೇಲೆ. 1963ರಿಂದ ಇರುವ ದೊಡ್ಡ ರಂಗಮಂದಿರ ಅದು. ಮೈಕ್ ಇಲ್ಲದೆ ಕೊನೇ ಸಾಲಿಗೆ ಮುಟ್ಟಿಸುವ ಗಂಟಲು ಹೊಸ ನಟರಿಗೆ ಇನ್ನೂ ಬಂದಿರುವುದಿಲ್ಲ. ಅರ್ಧ ಖಾಲಿ ಇರುವ ದೊಡ್ಡ ಸಭಾಂಗಣಕ್ಕಿಂತ ತುಂಬಿದ ಸಣ್ಣ ಜಾಗ ಎಷ್ಟೋ ವಾಸಿ. ಪಕ್ಕದ ಕನ್ನಡ ಭವನದ ನಯನ ಸಭಾಂಗಣ, ಹನುಮಂತನಗರದ ಕೆ.ಎಚ್. ಕಲಾಸೌಧ, ಮಲ್ಲೇಶ್ವರದ ಸೇವಾಸದನ ಇವೆಲ್ಲ ಹೊಸ ತಂಡಗಳಿಗೆ ಒದಗಿ ಬರುವ ಜಾಗಗಳು. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾದಾಗಿನಿಂದ ಹೊತ್ತಿನ ವಿಷಯದಲ್ಲಿ ಗಟ್ಟಿ. ನಾಟಕ ಶುರುವಾದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲ. ನೀವು ಎಲ್ಲೇ ಆಡಿ, ಈ ಪದ್ಧತಿ ಇಟ್ಟುಕೊಳ್ಳಿ. ಮುಖ್ಯ ಅತಿಥಿಗಳಿಗಾಗಿ ಅರ್ಧ ಗಂಟೆ ಕಾಯಿಸಿದರೆ ಹಚ್ಚಿದ ಬಣ್ಣ, ತಾಗಿದ ಉತ್ಸಾಹ ಎರಡೂ ಕರಗುತ್ತವೆ.

ಕರಪತ್ರದಲ್ಲಿ ಯಾರ ಹೆಸರು ಹೇಗೆ ಹಾಕಬೇಕು?

ಅಚ್ಚಿಗೆ ಕಳಿಸುವ ಮೊದಲು ಪ್ರತಿಯೊಬ್ಬರಿಗೂ ಅವರವರ ಹೆಸರು ತೋರಿಸಿ, ಇನಿಷಿಯಲ್ ಸಮೇತ ಸರಿ ಇದೆಯಾ ಅಂತ ಕೇಳಿ. ‘ಸಹಕಾರ’ ಅನ್ನುವ ಒಂದೇ ತಲೆಬರಹದ ಕೆಳಗೆ ಹತ್ತು ಜನರನ್ನು ತುರುಕಬೇಡಿ. ಪರಿಕರ ಮಾಡಿದವರಿಗೆ ಪರಿಕರ ಅಂತ, ಸೀರೆ ಹೊಲಿದವರಿಗೆ ಹೊಲಿಗೆ ಅಂತ ಹಾಕಿ. ನಾಟಕ ಮುಗಿದ ಮೇಲೆ ರಂಗದ ಮೇಲೆ ತಂಡದ ಪರಿಚಯ ಮಾಡುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಅಲ್ಲಿ ರಂಗದ ಹಿಂದಿನವರನ್ನು ಮೊದಲು ಕರೆಯಿರಿ. ನಟರ ಪರಿಚಯ ಆಗುತ್ತಿದ್ದಂತೆ ಜನ ಏಳಲು ಶುರು ಮಾಡುತ್ತಾರೆ, ಕೊನೆಯಲ್ಲಿ ಬರುವ ಹೆಸರು ಕುರ್ಚಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಬೆಳಕಿನವರು ಮೇಲೆ ಕ್ಯಾಬಿನ್‌ನಲ್ಲಿ ಇರುತ್ತಾರೆ, ಇಳಿದು ಬರಲು ಆಗುವುದಿಲ್ಲ. ಅವರ ಹೆಸರು ಹೇಳುವಾಗ ಎಲ್ಲರೂ ಅತ್ತ ಕೈ ತೋರಿಸಿ.

ಮೊದಲ ಪ್ರದರ್ಶನ ಆದಮೇಲೆ ಈ ತಂಡದ ಕೆಲಸ ಮುಗಿಯಿತಾ?

ಹೊಸ ತಂಡಗಳು ಎರಡು ಪ್ರದರ್ಶನಕ್ಕೇ ನಿಂತುಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಾಟಕ ಕುದುರುವುದೇ ನಾಲ್ಕೈದು ಪ್ರದರ್ಶನ ಆದಮೇಲೆ. ನಾಲ್ಕು ತಿಂಗಳು ಬಿಟ್ಟು ಬೇರೆ ಊರಿಂದ ಕರೆ ಬಂದಾಗ ತಂಡ ಎದ್ದು ನಿಲ್ಲಬೇಕು ಅಂದರೆ ಮೊದಲ ಪ್ರದರ್ಶನದ ಮಾರನೇ ದಿನವೇ ಒಂದಷ್ಟು ಕೆಲಸ ಆಗಬೇಕು. ಬಟ್ಟೆ ಒಗೆಸಿ, ಪಾತ್ರದ ಹೆಸರಿನ ಚೀಟಿ ಹಚ್ಚಿ ಟ್ರಂಕಿಗೆ ಹಾಕಬೇಕು. ಸೆಟ್ಟಿನ ಬೋಲ್ಟುಗಳನ್ನು ಒಂದು ಡಬ್ಬಿಗೆ ಹಾಕಿ, ಯಾವ ಲೆವೆಲ್‌ಗೆ ಯಾವುದು ಅಂತ ಬಣ್ಣದ ಗುರುತು ಮಾಡಬೇಕು. ಲೈಟ್ ಎಲ್ಲೆಲ್ಲಿ ಇತ್ತು ಅಂತ ನಕ್ಷೆ, ಯಾವ ಮಾತಿಗೆ ಯಾವ ಬೆಳಕು, ಸಂಗೀತ ಅನ್ನುವ ಕ್ಯೂ ಪಟ್ಟಿ, ಸಂಗೀತದ ಫೈಲ್, ನಾಟಕಕಾರರ ಅನುಮತಿ ಪತ್ರ, ಚಲನೆ ಬರೆದ ಪ್ರತಿ, ಇಷ್ಟನ್ನೂ ಒಂದೇ ಫೈಲಿನಲ್ಲಿ ಸೇರಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ತಂಡದ ಎಲ್ಲರಿಗೂ ಕಳಿಸಿಡಿ. ನಟರೊಬ್ಬರಿಗೆ ಬೇರೆ ಊರಿಗೆ ವರ್ಗವಾಗಿ ಹೊಸಬರು ಬಂದರೆ, ಆ ಪ್ರತಿ ಹಿಡಿದು ಒಂದು ವಾರದಲ್ಲಿ ಚಲನೆ ಕಲಿಸಬಹುದು. ಟ್ರಂಕ್ ಯಾರ ಮನೆಯಲ್ಲಿ ಇದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಅದೇ ಫೈಲಿನ ಮೊದಲ ಪುಟದಲ್ಲಿ ಬರೆದಿಡಿ.